ಕಾಗದ ಕದಿಯುವ ಮಕ್ಕಳು: ನಮ್ಮ ಕರಾವಳಿಯ ಐತಿಹಾಸಿಕ ಸಾಹಸ ಕಥೆಯನ್ನು ಮಕ್ಕಳಿಗಾಗಿ ಬರೆಯುವ ಬಗೆ

ದುಡಿಮೆಗೆ ಒತ್ತೆಬಿದ್ದ ಮಕ್ಕಳನ್ನು ಬಿಡಿಸಲು ಕಳ್ಳತನಕ್ಕಿಳಿದ ಎಳೆಯರ ಕಥೆಯನ್ನು ಬರೆಯಹೊರಟವರು ಎಲ್ಲಕ್ಕಿಂತ ಮೊದಲು ತೀರ್ಮಾನಿಸಬೇಕಾದದ್ದು, ಆ ಮಕ್ಕಳು ಏನನ್ನು ಕದಿಯುತ್ತಾರೆ ಎಂಬುದನ್ನು. ಸಾಹುಕಾರನ ಹಣದ ಗಂಟನ್ನು ಕದ್ದರೆ ಅದು ಜಾಣ ಕಳ್ಳರ ಕಥೆಯಾಗಿ ಮುಗಿಯುತ್ತದೆ. ಮರುದಿನ ಬೆಳಗಾದರೆ ಒತ್ತೆಯ ಮಗು ಮತ್ತೆ ಅದೇ ವಖಾರಿಯಲ್ಲಿ ಹತ್ತಿ ಹೆಕ್ಕುತ್ತ ಕುಳಿತಿರುತ್ತದೆ. ಅದರ ಬದಲು ಆ ಮಗುವನ್ನು ಕಟ್ಟಿಹಾಕಿರುವ ಸಾಲಪತ್ರವನ್ನೇ ಕದ್ದರೆ, ಸಾಹಸವೂ ದುಡಿಮೆಯ ವಿಚಾರವೂ ಒಂದೇ ಹಗ್ಗದ ಎರಡು ಹುರಿಗಳಾಗಿ ಹೆಣೆದುಕೊಳ್ಳುತ್ತವೆ. ಹತ್ತರಿಂದ ಹದಿಮೂರರ ವಯಸ್ಸಿನ ಓದುಗರಿಗಾಗಿ ಇಂಥದ್ದೊಂದು ಕಾದಂಬರಿಯನ್ನು ಎರಡು ಬಾರಿ ಬರೆದು, ಮೊದಲ ಬಾರಿ ಸೋತು, ಎರಡನೆಯ ಬಾರಿ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಕಾಲ ಮತ್ತು ಬಂದರು

"ಹಿಂದೊಂದು ಕಾಲದಲ್ಲಿ" ಎಂದು ಆರಂಭಿಸುವ ಅಭ್ಯಾಸವನ್ನು ಬಿಟ್ಟು ಒಂದು ವರ್ಷವನ್ನು, ಸಾಧ್ಯವಾದರೆ ಒಂದು ಋತುವನ್ನು ಆರಿಸಿಕೊಳ್ಳಬೇಕು. ಉತ್ತರ ಕನ್ನಡದಲ್ಲಿ ನನಗೆ ಅತ್ಯಂತ ಒದಗಿಬಂದದ್ದು 1864ರ ಬೇಸಿಗೆಯ ಕುಮಟೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ತಲುಪದಂತಾದಾಗ ನಮ್ಮ ಧಾರವಾಡ ಸೀಮೆಯ ಹತ್ತಿಗೆ ಒಮ್ಮೆಲೇ ಬೆಲೆ ಏರಿತು. ಆ ಹತ್ತಿ ಹುಬ್ಬಳ್ಳಿಯ ಕಡೆಯಿಂದ ಶಿರಸಿಯ ಮೇಲೆ ಹಾದು, ದೇವಿಮನೆ ಘಟ್ಟವನ್ನಿಳಿದು ಕುಮಟೆಯ ಬಂದರಿಗೆ ಬಂದು, ಅಲ್ಲಿಂದ ಪತ್ತೆಮಾರಿ ಎಂಬ ಹಾಯಿಹಡಗುಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು; ಘಟ್ಟದ ಮೇಲಿನ ಹೊಲಗಳಲ್ಲಿ ಬೆಳೆದ ಹತ್ತಿಗೆ ದೂರದ ಪೇಟೆಗಳಲ್ಲಿ ಕುಮಟೆಯ ಹೆಸರೇ ಅಂಟಿಕೊಂಡಿತು. ಇದೇ ಹೊತ್ತಿಗೆ, 1862ರಲ್ಲಿ, ನಮ್ಮ ಜಿಲ್ಲೆ ಮದ್ರಾಸ್ ಆಡಳಿತದಿಂದ ಮುಂಬಯಿ ಆಡಳಿತಕ್ಕೆ ಸೇರಿತ್ತು, ಮತ್ತು ಕಾರವಾರವನ್ನು ದೊಡ್ಡ ಹತ್ತಿ ಬಂದರಾಗಿ ಬೆಳೆಸುವ ಆಸೆ ಮ್ಯಾಂಚೆಸ್ಟರಿನ ವ್ಯಾಪಾರಿಗಳವರೆಗೂ ಹಬ್ಬಿತ್ತು. ಕಾರವಾರದ ಎದುರಿನ ದೇವಗಡ ದ್ವೀಪದ ದೀಪಸ್ತಂಭ 1864ರದ್ದು. ಕತ್ತಲನ್ನೇ ನಂಬಿ ದೋಣಿ ನಡೆಸಿದ ಮಕ್ಕಳ ಕಣ್ಣಿಗೆ ಆ ಹೊಸ ಬೆಳಕು ಮೊದಲ ಬಾರಿ ಬೀಳುವ ರಾತ್ರಿಯನ್ನು ಊಹಿಸಿಕೊಳ್ಳಿ. ಒಂದು ಅಧ್ಯಾಯವೇ ಅಲ್ಲಿ ಕಾದಿರುತ್ತದೆ.

ಬೇಸಿಗೆಯನ್ನೇ ಏಕೆ ಆರಿಸಬೇಕೆಂದರೆ, ಸಾಹಸ ಕಥೆಗೆ ಒಂದು ಗಡುವು ಬೇಕಾಗುತ್ತದೆ, ಮತ್ತು ನಮ್ಮ ಕರಾವಳಿಯಲ್ಲಿ ಆ ಗಡುವನ್ನು ಮಳೆಯೇ ಕೊಡುತ್ತದೆ. ಜೂನ್ ಮೊದಲ ವಾರ ದಾಟಿ ಮೃಗಶಿರಾ ಮಳೆ ಹಿಡಿದರೆ ಘಟ್ಟದ ದಾರಿ ಕೆಸರಾಗಿ ಗಾಡಿಗಳು ನಿಲ್ಲುತ್ತವೆ, ಪತ್ತೆಮಾರಿಗಳನ್ನು ದಡಕ್ಕೆಳೆದು ಮಡಲು ಹೊದಿಸುತ್ತಾರೆ, ಕಡಲು ಯಾರನ್ನೂ ಒಳಗೆ ಬಿಡುವುದಿಲ್ಲ. ಅಷ್ಟರೊಳಗೆ ಕೆಲಸವಾಗದಿದ್ದರೆ ಇನ್ನು ಮೂರು ನಾಲ್ಕು ತಿಂಗಳು ಏನೂ ಆಗದು ಎಂಬುದು ಕಥೆಯ ಮಕ್ಕಳಿಗೂ ಗೊತ್ತು, ಓದುವ ಮಕ್ಕಳಿಗೂ ಗೊತ್ತು. ಅದನ್ನು ವಿವರಿಸುವ ಅಗತ್ಯವೇ ಬೀಳುವುದಿಲ್ಲ.

ಬೇರೆ ಕಾಲವೂ ಆದೀತು. ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಉಪ್ಪಿನ ಕಾನೂನನ್ನು ಮುರಿದ ದಿನಗಳಲ್ಲಿ ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ ದುಡಿಯುವ ಹುಡುಗಿಯೊಬ್ಬಳ ಕಥೆ ಯಾರಾದರೂ ಬರೆಯಲೇಬೇಕಾದ ಕಥೆ. ಆದರೆ 1882ರ ಹೊತ್ತಿನ ಕಾರವಾರವನ್ನು ಆರಿಸಿಕೊಂಡವರು, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದು ತಂಗಿದ್ದ ತರುಣ ರವೀಂದ್ರನಾಥ ಠಾಕೂರರನ್ನು ಕಥೆಯೊಳಗೆ ಎಳೆದು ತರುವ ಆಸೆಯನ್ನು ಹತ್ತಿಕ್ಕಬೇಕೆಂದು ನನ್ನ ಅಭಿಪ್ರಾಯ. ಪ್ರಸಿದ್ಧರೊಬ್ಬರು ಬಂದು ಮಕ್ಕಳನ್ನು ಕಾಪಾಡಿದ ಕ್ಷಣದಲ್ಲಿ ಕಥೆ ಮಕ್ಕಳ ಕೈ ತಪ್ಪಿಹೋಗುತ್ತದೆ.

ನಮ್ಮ ಮಕ್ಕಳ ದುಡಿಮೆ ಹೇಗಿತ್ತು

ಬಾಲದುಡಿಮೆಯ ಇತಿಹಾಸ ಎಂದಕೂಡಲೇ ಮನಸ್ಸಿಗೆ ಬರುವ ಚಿತ್ರಗಳು ಹೆಚ್ಚಾಗಿ ಇಂಗ್ಲೆಂಡಿನವು. ಅಲ್ಲಿ 1833ರ ಕಾನೂನು ಒಂಬತ್ತು ವರ್ಷಕ್ಕಿಂತ ಚಿಕ್ಕವರನ್ನು ಬಟ್ಟೆ ಗಿರಣಿಗಳಿಂದ ಹೊರಗಿಟ್ಟಿತು, 1842ರದ್ದು ಹತ್ತು ವರ್ಷದೊಳಗಿನ ಹುಡುಗರನ್ನೂ ಎಲ್ಲ ಹೆಣ್ಣುಮಕ್ಕಳನ್ನೂ ಗಣಿಯ ಒಳಕೆಲಸದಿಂದ ಬಿಡಿಸಿತು. ಹೊಗೆಗೂಡನ್ನು ಹತ್ತಿ ಮಸಿ ಗುಡಿಸುವ ಹುಡುಗರ ಪಾಡು ಮುಗಿಯಲು 1875ರಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಹನ್ನೊಂದರ ಬಾಲಕ ಸಾಯಬೇಕಾಯಿತು. ಇವೆಲ್ಲ ತಿಳಿದಿರಬೇಕಾದ ಸಂಗತಿಗಳೇ. ಆದರೆ ಇವನ್ನು ಎತ್ತಿ ತಂದು ಕುಮಟೆಯಲ್ಲಿ ನೆಡಲು ಬರುವುದಿಲ್ಲ, ಏಕೆಂದರೆ ನಮ್ಮ ಮನೆಗಳಿಗೆ ಹೊಗೆಗೂಡೇ ಇರಲಿಲ್ಲ. ಒಲೆಯ ಹೊಗೆ ಅಟ್ಟದ ಮೇಲಿನ ಅಡಿಕೆಯನ್ನೂ ತೊಲೆಗಳನ್ನೂ ಕಪ್ಪಾಗಿಸಿ ಮಾಡಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ನಾನು ಮೊದಲ ಕರಡಿನಲ್ಲಿ ಮಾಡಿದ್ದು ಇದೇ ತಪ್ಪು. ನನ್ನ ಮಕ್ಕಳು ಕರಾವಳಿಯ ಹೆಸರಿಟ್ಟುಕೊಂಡು ಲಂಡನ್ನಿನ ಗಲ್ಲಿಗಳಲ್ಲಿ ಓಡಾಡುತ್ತಿದ್ದರು.

ಇಲ್ಲಿಯ ದುಡಿಮೆ ಬಹುಪಾಲು ಕಣ್ಣಿಗೆ ಬೀಳದ ದುಡಿಮೆ. ದನ ಕಾಯುವುದು, ಇನ್ನೊಬ್ಬರ ಮನೆಯ ಮಗುವನ್ನು ಸೊಂಟದ ಮೇಲೆ ಹೊತ್ತು ಆಡಿಸುವುದು, ಒಣಹಾಕಿದ ಮೀನಿಗೆ ಕಾಗೆ ಬಾರದಂತೆ ಬಿಸಿಲಲ್ಲಿ ಕೂರುವುದು, ಸೊಪ್ಪಿನ ಹೊರೆ ಹೊರುವುದು. ಅಡಿಕೆ ಸುಲಿಯುವುದನ್ನು ಹತ್ತಿರದಿಂದ ನೋಡಿದವರಿಗೆ ಇದು ತಿಳಿಯುತ್ತದೆ: ಮಣೆಗೆ ಸಿಕ್ಕಿಸಿದ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆಯನ್ನು ಅಲಗಿಗೆ ಒತ್ತಿ, ತಿರುಗಿಸಿ, ಸಿಪ್ಪೆ ಎಬ್ಬಿಸಿ, ಒಳಗಿನ ತಿರುಳನ್ನು ಬುಟ್ಟಿಗೆ ಎಸೆಯುವ ಕೆಲಸ ನೋಡುವುದಕ್ಕೆ ಆಟದಂತಿರುತ್ತದೆ. ರಾತ್ರಿ ಹನ್ನೊಂದು ಗಂಟೆಯ ಹೊತ್ತಿಗೆ ಹೆಬ್ಬೆರಳ ತುದಿ ಅಡಿಕೆಯ ಚೊಗರಿನಿಂದ ಕಪ್ಪಾಗಿ, ಮರಗಟ್ಟಿ, ಕೊಯ್ದದ್ದೂ ತಿಳಿಯದಂತಾಗುತ್ತದೆ. ನಮ್ಮ ಅಜ್ಜಿಯ ಬಲಗೈಯ ಹೆಬ್ಬೆರಳಿನಲ್ಲಿ ಅಡ್ಡಡ್ಡ ಗೀರುಗಳು ಏಣಿಯ ಮೆಟ್ಟಿಲುಗಳ ಹಾಗಿದ್ದವು. ಅವುಗಳಲ್ಲಿ ಕೆಳಗಿನ ಮೂರು ಅವಳಿಗೆ ಎಂಟು ವರ್ಷ ತುಂಬುವ ಮೊದಲಿನವು ಎಂದು ಹೇಳುತ್ತಿದ್ದಳು. ಕಥೆಯಲ್ಲಿ "ಮಕ್ಕಳು ಬಹಳ ಕಷ್ಟಪಡುತ್ತಿದ್ದರು" ಎಂದು ಬರೆಯುವ ಬದಲು ಅಂಥ ಒಂದು ಹೆಬ್ಬೆರಳನ್ನು ತೋರಿಸಿದರೆ ಸಾಕು.

ಮನೆಯ ಕೆಲಸದಲ್ಲಿ ಕೈಜೋಡಿಸುವುದು ಬೇರೆ, ಒತ್ತೆಗೆ ಬೀಳುವುದು ಬೇರೆ ಎಂಬುದನ್ನು ಓದುವ ಮಗು ತಾನೇ ಗುರುತಿಸುವಂತೆ ಬರೆಯಬೇಕು. ಹಳ್ಳಿಯ ಓದುಗರಲ್ಲಿ ಅನೇಕರು ಶಾಲೆಯಿಂದ ಬಂದು ಕೊಟ್ಟಿಗೆಗೆ ಹೋಗುವವರು. ಅವರ ಮನೆಯವರನ್ನೆಲ್ಲ ಖಳರನ್ನಾಗಿಸುವ ಕಥೆ ಅವರಿಗೆ ಅನ್ಯಾಯ ಮಾಡುತ್ತದೆ. ಎರಡರ ನಡುವಿನ ಗೆರೆಯನ್ನು ಎಳೆಯಲು ನನಗೆ ಸಿಕ್ಕ ಅತ್ಯುತ್ತಮ ಉಪಾಯ ಲೆಕ್ಕ. ಕಥೆಗೆಂದು ಕಲ್ಪಿಸಿಕೊಂಡ ಒಂದು ಸಾಲವನ್ನು ತೆಗೆದುಕೊಳ್ಳೋಣ. ತಂದೆ ಸಾಹುಕಾರನಿಂದ 12 ರೂಪಾಯಿ ಸಾಲ ಪಡೆದು ಮಗನನ್ನು ಕೆಲಸಕ್ಕೆ ಬಿಟ್ಟಿದ್ದಾನೆ. ಬಡ್ಡಿ ರೂಪಾಯಿಗೆ ತಿಂಗಳಿಗೆ 1 ಆಣೆ. ಹುಡುಗನ ದುಡಿಮೆಗೆ ತಿಂಗಳಿಗೆ 8 ಆಣೆಯಂತೆ ಸಾಲಕ್ಕೆ ವಜಾ. ರೂಪಾಯಿಗೆ 16 ಆಣೆ ಎಂಬುದನ್ನು ಓದುಗರಿಗೆ ಮೊದಲೇ ಎಲ್ಲಾದರೂ ಹೇಳಿಟ್ಟಿರಬೇಕು. ಈಗ ಗುಂಪಿನಲ್ಲಿ ಲೆಕ್ಕ ಬಲ್ಲ ಒಂದು ಮಗು ಮರಳಿನ ಮೇಲೆ ಕಡ್ಡಿಯಿಂದ ಬರೆಯುತ್ತದೆ: ವರ್ಷದ ಬಡ್ಡಿ 144 ಆಣೆ, ಅಂದರೆ 9 ರೂಪಾಯಿ, ವರ್ಷದ ದುಡಿಮೆ 96 ಆಣೆ, ಅಂದರೆ 6 ರೂಪಾಯಿ. ವರ್ಷವಿಡೀ ದುಡಿದ ಮೇಲೆ ಸಾಲ 12 ರೂಪಾಯಿಯಿಂದ 15 ರೂಪಾಯಿಗೆ ಏರಿದೆ. ಅಲೆ ಬಂದು ಅಂಕಿಗಳನ್ನು ಅಳಿಸುವ ಮೊದಲು ಆ ಹುಡುಗ ಅದನ್ನು ಎರಡೆರಡು ಬಾರಿ ನೋಡುತ್ತಾನೆ. ಈ ಭಾಗವನ್ನು ನಾನು ಓದಿ ಹೇಳಿದ ಶಾಲೆಗಳಲ್ಲೆಲ್ಲ ಮಕ್ಕಳು ತಾವೇ ಪಾಟಿಯ ಮೇಲೆ ಕೂಡಿಸಿ ಕಳೆದು, ಲೆಕ್ಕದಲ್ಲೇ ಮೋಸವಿದೆ ಎಂದು ಸಿಟ್ಟಿಗೆದ್ದಿದ್ದಾರೆ. ಆ ಸಿಟ್ಟನ್ನು ಲೇಖಕ ಹುಟ್ಟಿಸಬೇಕಾಗಿಲ್ಲ. ಅಂಕಿಗಳು ಸರಿಯಾಗಿರಬೇಕು, ಅಷ್ಟೇ.

ಕಾನೂನು ಎಲ್ಲಿತ್ತು ಎಂಬ ಪ್ರಶ್ನೆ ಏಳುತ್ತದೆ. 1864ರಲ್ಲಿ ಮಕ್ಕಳ ದುಡಿಮೆಯನ್ನು ತಡೆಯುವ ಕಾರ್ಖಾನೆ ಕಾನೂನು ಭಾರತದಲ್ಲಿ ಇರಲೇ ಇಲ್ಲ. 1881ರಲ್ಲಿ ಮೊದಲನೆಯದು ಬಂದಾಗಲೂ ಅದು ಯಂತ್ರಶಕ್ತಿಯಿಂದ ನಡೆಯುವ, ನೂರು ಮಂದಿಯಾದರೂ ದುಡಿಯುವ ಕಾರ್ಖಾನೆಗಳಿಗಷ್ಟೇ ಸಂಬಂಧಿಸಿತ್ತು. ಏಳು ವರ್ಷ ತುಂಬಿದ ಮಗುವನ್ನು ದಿನಕ್ಕೆ ಒಂಬತ್ತು ಗಂಟೆ ದುಡಿಸಲು ಅದು ಒಪ್ಪಿಗೆ ಕೊಟ್ಟಿತ್ತು. ವಖಾರಿ, ಉಪ್ಪಿನಾಗರ, ಅಡಿಕೆ ತೋಟ, ಮನೆಗೆಲಸ ಯಾವುದೂ ಅದರ ಕಣ್ಣಿಗೆ ಬೀಳಲಿಲ್ಲ. ದೂರು ಕೊಡಲು ಬಾಗಿಲೇ ಇಲ್ಲದ ಊರಿನಲ್ಲಿ ಮಕ್ಕಳು ಮಾಡು ಹತ್ತಿ ಇಳಿಯುತ್ತಾರೆ. ಅವರ ಕಳ್ಳತನಕ್ಕೆ ಇದಕ್ಕಿಂತ ಬೇರೆ ಸಮರ್ಥನೆಯನ್ನು ಯಾರ ಬಾಯಲ್ಲೂ ಆಡಿಸಬೇಡಿ.

ಕಳ್ಳರ ಗುಂಪು

ಬೆಣ್ಣೆ ಕದ್ದ ಕೃಷ್ಣನನ್ನು ತೊಟ್ಟಿಲ ಹಾಡಿನಿಂದಲೇ ಬಲ್ಲ ನಮ್ಮ ಮಕ್ಕಳಿಗೆ ಕಳ್ಳನನ್ನು ಮೆಚ್ಚುವುದು ಹೊಸತೇನಲ್ಲ. ಆದರೂ ಗುಂಪಿಗೆ ಒಂದು ಕಟ್ಟಳೆ ಇರಬೇಕು, ಅದನ್ನು ಮಕ್ಕಳೇ ಮಾಡಿಕೊಂಡಿರಬೇಕು, ಮತ್ತು ಕಥೆಯ ನಡುವೆ ಯಾರಾದರೊಬ್ಬರು ಅದನ್ನು ಮುರಿಯಬೇಕು. ನನ್ನ ಕಥೆಯ ಕಟ್ಟಳೆ, ಉಣ್ಣುವ ಮನೆಯ ಅಕ್ಕಿಯನ್ನು ಮುಟ್ಟಬಾರದು ಎಂಬುದು. ಅದನ್ನು ಮುರಿದದ್ದು ಗುಂಪಿನ ಅತ್ಯಂತ ಚಿಕ್ಕ ಹುಡುಗ, ಹಸಿವಿನಿಂದ.

ನಾಲ್ಕು ಮಂದಿ ಸಾಕು. ಐದನೆಯವರನ್ನು ಓದುಗರು ಮರೆಯುತ್ತಾರೆ. ಅವರನ್ನು ಆರಿಸುವಾಗ ಆ ಕಾಲದ ಜಾತಿಯ ಕಟ್ಟುಪಾಡನ್ನು ಮರೆಮಾಚಬಾರದು, ಏಕೆಂದರೆ ಯಾವ ಮಗು ಯಾವ ಹೊಸ್ತಿಲವರೆಗೆ ಹೋಗಬಹುದೆಂಬುದನ್ನು ನಿರ್ಧರಿಸುತ್ತಿದ್ದುದು ಅದೇ. ಹಾಲಕ್ಕಿ ಒಕ್ಕಲಿಗರ ಹುಡುಗ ಅಂಗಳದವರೆಗೆ, ಕೊಟ್ಟಿಗೆಯವರೆಗೆ ಬರಬಲ್ಲ. ಅಂಬಿಗರ ಹುಡುಗಿ ದೋಣಿಯ ಮೇಲೆ ರಾಣಿ, ಆದರೆ ಜಗಲಿಯನ್ನು ಹತ್ತುವಂತಿಲ್ಲ. ಸಾಹುಕಾರನ ನೆಂಟರ ಪೈಕಿಯ, ಮಾಣಿ ಎಂದು ಕರೆಸಿಕೊಳ್ಳುವ ಅನಾಥ ಹುಡುಗ ನಡುಮನೆಯ ಪೆಟ್ಟಿಗೆಯ ಬಳಿಯೇ ಮಲಗುತ್ತಾನೆ, ಆದರೆ ಅವನಿಗೆ ಹೊರಗೆ ಕಾಲಿಡಲು ಬಿಡುವಿಲ್ಲ. ಒಂದು ಕಾಗದ ಪೆಟ್ಟಿಗೆಯಿಂದ ದೋಣಿಯವರೆಗೆ ಬರಬೇಕಾದರೆ ಈ ಎಲ್ಲ ಕೈಗಳನ್ನೂ ದಾಟಬೇಕು. ಯಾವ ಮನೆಯಲ್ಲಿ ಜೊತೆಗೆ ಕುಳಿತು ಉಣ್ಣಲಾರರೋ ಆ ಮನೆಯನ್ನೇ ಅವರು ಒಟ್ಟಾಗಿ ದೋಚುತ್ತಾರೆ. ಇದರ ಬಗ್ಗೆ ಭಾಷಣ ಬರೆಯುವ ಅಗತ್ಯವಿಲ್ಲ. ಕದಿಯುವ ಯೋಜನೆಯನ್ನು ಸರಿಯಾಗಿ ಬರೆದರೆ ಎಲ್ಲವೂ ಅದರಲ್ಲೇ ಬರುತ್ತದೆ.

ಕದ್ದ ಮೇಲೆ ಏನು ಎಂಬಲ್ಲಿ ಹೆಚ್ಚಿನ ಕಥೆಗಳು ಸೊರಗುತ್ತವೆ. ಇಲ್ಲಿ ಎರಡು ತೊಡಕುಗಳನ್ನು ಇಟ್ಟು ನೋಡಿ. ಒಂದು, ಗುಂಪಿನಲ್ಲಿ ಯಾರಿಗೂ ಓದು ಬಾರದು. ಲೆಕ್ಕ ಬಲ್ಲ ಹುಡುಗಿಗೆ ಅಂಕಿಗಳು ಮಾತ್ರ ಗೊತ್ತು. ಕೈಯಲ್ಲಿರುವ ಹನ್ನೊಂದು ಕಾಗದಗಳಲ್ಲಿ ತಮಗೆ ಬೇಕಾದದ್ದು ಯಾವುದೆಂದು ತಿಳಿಯಲು ಅವರು ಅಕ್ಷರ ಬಲ್ಲ ಒಬ್ಬರನ್ನು ನಂಬಲೇಬೇಕು. ಎರಡು, ಪತ್ರವನ್ನು ಸುಟ್ಟರೂ ಅದೇ ಸಾಲ ಸಾಹುಕಾರನ ಖಾತೆ ಪುಸ್ತಕದಲ್ಲಿ ಇನ್ನೊಂದು ಕಡೆ ಬರೆದಿರುತ್ತದೆ. ಮೊದಲ ಕಳ್ಳತನದ ಗೆಲುವು ಹೀಗೆ ಎರಡನೆಯ, ಇನ್ನೂ ಕಠಿಣವಾದ ಕಳ್ಳತನಕ್ಕೆ ಬಾಗಿಲು ತೆರೆಯುತ್ತದೆ.

ಸಿಕ್ಕಿಬೀಳುವ ಸುಳಿವು ಊರಿನದೇ ಆಗಿರಲಿ. ನನ್ನ ಕಥೆಯಲ್ಲಿ ಚಿಕ್ಕ ಹುಡುಗ ಅಟ್ಟದಿಂದ ಇಳಿಯುವಾಗ ಜೋನಿಬೆಲ್ಲದ, ಅಂದರೆ ನೀರುಬೆಲ್ಲದ, ಕೊಡಕ್ಕೆ ಬೆರಳದ್ದಿ ನೆಕ್ಕುತ್ತಾನೆ, ಅದೇ ಬೆರಳಿನಿಂದ ಕಾಗದ ಹಿಡಿಯುತ್ತಾನೆ. ಬೆಳಗಾಗುವಷ್ಟರಲ್ಲಿ ಪೆಟ್ಟಿಗೆಯಿಂದ ಹೊರಟ ಇರುವೆಯ ಸಾಲು ಗೋಡೆ ಹತ್ತಿ, ಜಂತಿಯ ಗುಂಟ ಸಾಗಿ, ಅವರು ಇಳಿದ ಹೆಂಚಿನ ಸಂದಿಯವರೆಗೆ ದಾರಿ ಬರೆದಿಟ್ಟಿರುತ್ತದೆ. ಗುಮಾಸ್ತ ಏನನ್ನೂ ಕೇಳದೆ ಆ ಸಾಲನ್ನೇ ನೋಡುತ್ತ ನಿಲ್ಲುತ್ತಾನೆ.

ಆ ಗುಮಾಸ್ತನೇ ನಿಮ್ಮ ಎದುರಾಳಿಯಾಗಲಿ. ಚಾವಟಿ ಹಿಡಿದು ಗರ್ಜಿಸುವ ಸಾಹುಕಾರನಿಗಿಂತ, ಮೆಲುದನಿಯಲ್ಲಿ ಮಾತನಾಡುವ, ತನ್ನ ಮಕ್ಕಳನ್ನು ಪ್ರೀತಿಸುವ, ಲೆಕ್ಕ ತಪ್ಪದಂತೆ ನೋಡಿಕೊಳ್ಳುವುದೇ ಧರ್ಮವೆಂದು ತಿಳಿದ ಮನುಷ್ಯ ಹೆಚ್ಚು ಭಯ ಹುಟ್ಟಿಸುತ್ತಾನೆ.

ಕಾಲಕ್ಕೆ ಹೊಂದದ ವಸ್ತುಗಳು

ಇದಕ್ಕೆ ಒಂದು ಪ್ರತ್ಯೇಕ ಓದು ಮೀಸಲಿಡಿ. ಕಥೆಯನ್ನು ಮರೆತು ವಸ್ತುಗಳನ್ನಷ್ಟೇ ಹುಡುಕುತ್ತ ಹೋಗಿ. ಮಂಗಳೂರು ಹೆಂಚಿನ ಕಾರ್ಖಾನೆಯನ್ನು ಬಾಸೆಲ್ ಮಿಷನ್ನಿನವರು ಆರಂಭಿಸಿದ್ದು 1865ರಲ್ಲಿ, ಆದ್ದರಿಂದ 1864ರ ನಿಮ್ಮ ಕಳ್ಳರು ಸರಿಸುವುದು ಕುಂಬಾರ ಮಾಡಿದ ನಾಡಹೆಂಚನ್ನು ಅಥವಾ ಹುಲ್ಲಿನ ಹೊದಿಕೆಯನ್ನು. ಸೀಮೆಎಣ್ಣೆ ಬುಡ್ಡಿ ಆಗ ಮನೆಮನೆಗೆ ಬಂದಿರಲಿಲ್ಲ. ಹೊನ್ನೆಣ್ಣೆಯ ದೀಪ ಉರಿಸಿ, ಅದರ ಹೊಗೆ ಮತ್ತು ಕಮಟು ವಾಸನೆಯನ್ನು ಬಳಸಿಕೊಳ್ಳಿ. ಚಹಾ ಬೇಡ, ಗಂಜಿ ಮತ್ತು ಮುರುಗಲಿನ ಪಾನಕ ಇರಲಿ. ಈ ಕರಾವಳಿಗೆ ಕೊಂಕಣ ರೈಲು ಬಂದದ್ದು 1990ರ ದಶಕದಲ್ಲಿ, ಆದ್ದರಿಂದ ಯಾರೂ ರೈಲು ಹತ್ತಿ ತಪ್ಪಿಸಿಕೊಳ್ಳಲಾರರು. ಕಚೇರಿಯ ಅಧಿಕಾರಿ ಮಾಮಲೇದಾರ. ಗಡಿಯಾರ ಕಚೇರಿಯಲ್ಲಿ ಇದ್ದೀತು. ಮಕ್ಕಳು ಹೊತ್ತನ್ನು ಅಳೆಯುವುದು ನೆರಳಿನಿಂದ, ಕೋಳಿಯ ಕೂಗಿನಿಂದ, ಕಡಲ ಭರತ ಇಳಿತಗಳಿಂದ.

ಭರತ ಇಳಿತದ ವಿಚಾರದಲ್ಲಿ ಮಾತ್ರ ಮೈಯೆಲ್ಲ ಕಣ್ಣಾಗಿರಬೇಕು, ಏಕೆಂದರೆ ಮೀನುಗಾರರ ಮನೆಯ ಮಗು ಇದರಲ್ಲಿ ತಪ್ಪು ಹಿಡಿದೇ ಹಿಡಿಯುತ್ತದೆ. ದಿನಕ್ಕೆ ಎರಡು ಬಾರಿ ನೀರು ಏರುತ್ತದೆ, ಎರಡು ಬಾರಿ ಇಳಿಯುತ್ತದೆ, ಮತ್ತು ಪ್ರತಿದಿನವೂ ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಏರಿಕೆಯೂ ಇಳಿಕೆಯೂ ಹೆಚ್ಚು. ಮೊದಲ ಕಳ್ಳತನ ಅಮಾವಾಸ್ಯೆಯ ಕತ್ತಲಲ್ಲಿ ನಡೆದು, ಎರಡನೆಯದು ಒಂದು ವಾರದ ನಂತರ ನಡೆದರೆ, ಆ ಹೊತ್ತಿಗೆ ಅಘನಾಶಿನಿಯ ಅಳಿವೆಯಲ್ಲಿ ಅದೇ ಗಂಟೆಗೆ ನೀರು ತದ್ವಿರುದ್ಧವಾಗಿ ಹರಿಯುತ್ತಿರುತ್ತದೆ. ಒಂದು ಕಾಗದದ ಮೇಲೆ ಕಥೆಯ ಎಲ್ಲ ದಿನಗಳನ್ನು ಬರೆದು, ಪ್ರತಿ ದಿನದ ಎದುರು ತಿಥಿಯನ್ನೂ ನೀರಿನ ಹೊತ್ತನ್ನೂ ಗುರುತಿಸಿಕೊಳ್ಳಿ. ಆ ಪಟ್ಟಿ ಕೊನೆಗೆ ನಿಮಗೆ ಕಥೆಯ ತಿರುವನ್ನೇ ಸೂಚಿಸಿದರೂ ಸೂಚಿಸೀತು; ನನಗೆ ಹಾಗೇ ಆಯಿತು.

ಮಾತು ಮತ್ತು ಪರೀಕ್ಷೆ

ಕುಮಟೆಯ ಪೇಟೆಯಲ್ಲಿ ಕೊಂಕಣಿ, ಹವ್ಯಕ ಕನ್ನಡ, ಹಾಲಕ್ಕಿ ಕನ್ನಡ, ಘಟ್ಟದ ಮೇಲಿನ ಗಾಡಿಯವರ ಕನ್ನಡ ಎಲ್ಲವೂ ಕೇಳಿಸುತ್ತಿದ್ದಿರಬೇಕು. ಎಲ್ಲವನ್ನೂ ಪುಟದ ಮೇಲೆ ತರಲು ಹೋದರೆ ಬಳ್ಳಾರಿಯ ಮಗುವಿಗೆ ಪುಸ್ತಕ ಮುಚ್ಚಿಹೋಗುತ್ತದೆ. ನಿರೂಪಣೆಯನ್ನು ಎಲ್ಲರಿಗೂ ತಿಳಿಯುವ ಬರಹದ ಕನ್ನಡದಲ್ಲಿಟ್ಟು, ಒಬ್ಬೊಬ್ಬ ಪಾತ್ರಕ್ಕೆ ಎರಡು ಮೂರು ಪದಗಳನ್ನಷ್ಟೇ ಗುರುತಾಗಿ ಕೊಡುವುದು ಒಳ್ಳೆಯದು. ತಾಯಿಯನ್ನು "ಆಯಿ" ಎನ್ನುವ ಮಾಣಿ, ಪ್ರತಿ ಮಾತಿಗೂ "ಎಂತಕ್ಕೆ" ಎಂದು ಕೇಳುವ ಹುಡುಗಿ, ಇಷ್ಟರಿಂದಲೇ ಕತ್ತಲಲ್ಲಿ ಯಾರು ಮಾತನಾಡಿದರೆಂದು ಓದುಗರಿಗೆ ತಿಳಿಯುತ್ತದೆ.

ಕರಡು ಮುಗಿದೊಡನೆ ದೊಡ್ಡವರಿಗೆ ತೋರಿಸುವ ಮೊದಲು ಮಕ್ಕಳ ಎದುರು ಗಟ್ಟಿಯಾಗಿ ಓದಬೇಕು. ಶಿರಸಿಯ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ನಾನು ನನ್ನ ಮೊದಲ ಕರಡನ್ನು ಓದುತ್ತಿದ್ದಾಗ, ಕೊನೆಯ ಸಾಲಿನಲ್ಲಿ ಕುಳಿತಿದ್ದ ಆರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಅವರಿಗೆ ರಾತ್ರಿ ಊಟ ಯಾರು ಹಾಕ್ತಾರೆ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಕಳ್ಳರು ಹದಿನಾಲ್ಕು ದಿನಗಳಿಂದ ಏನೂ ಉಂಡಿರಲಿಲ್ಲ. ಆ ರಾತ್ರಿ ಕರಡನ್ನು ಪಕ್ಕಕ್ಕಿಟ್ಟು ಮೊದಲಿನಿಂದ ಬರೆಯಲು ಕುಳಿತೆ, ಮತ್ತು ಅಕ್ಕಿಯ ಕಟ್ಟಳೆ ಹುಟ್ಟಿದ್ದು ಅವಳ ಪ್ರಶ್ನೆಯಿಂದ. ಮಕ್ಕಳು ಎಲ್ಲಿ ಕಾಲು ಅಲ್ಲಾಡಿಸುತ್ತಾರೆ, ಎಲ್ಲಿ ಕಿಟಕಿಯಾಚೆ ನೋಡುತ್ತಾರೆ ಎಂಬುದನ್ನು ಅಂಚಿನಲ್ಲಿ ಗುರುತು ಮಾಡಿಕೊಳ್ಳಿ. ಅವರು ಬಾಯಿಬಿಟ್ಟು ಹೇಳುವ ಹೊಗಳಿಕೆಗಿಂತ ಅದನ್ನು ನಂಬಬಹುದು.

ಮುಕ್ತಾಯ ಮತ್ತು ಹಿನ್ನುಡಿ

ನಾಲ್ಕು ಮಕ್ಕಳು ಸೇರಿ 1864ರಲ್ಲಿ ಮಕ್ಕಳ ದುಡಿಮೆಯನ್ನೇ ನಿಲ್ಲಿಸಿದರೆಂದು ಬರೆದರೆ ಅದು ಸುಳ್ಳು, ಮತ್ತು ಓದುವ ಮಕ್ಕಳಿಗೆ ಅದು ಸುಳ್ಳೆಂದು ಗೊತ್ತಾಗುತ್ತದೆ. ಒಬ್ಬ ಹುಡುಗ ಬಿಡುಗಡೆಯಾಗಲಿ. ಅವನು ಮನೆಗೆ ಮರಳಿದಾಗ ಸಾಲ ಮಾಡುವಂತೆ ಮಾಡಿದ ಬಡತನ ಅಲ್ಲೇ ಇರಲಿ, ತಾಯಿ ಸಂತೋಷಕ್ಕೂ ಅಂಜಿಕೆಗೂ ನಡುವೆ ನಿಂತಿರಲಿ. ಅವನು ಏನಾದರೂ ಹೊಸದನ್ನು ಹೊತ್ತು ತಂದಿರಬೇಕು; ನನ್ನ ಹುಡುಗ ಸಾಲಪತ್ರವನ್ನು ಸುಡುವ ಮೊದಲು ಅದರಲ್ಲಿದ್ದ ತನ್ನ ಹೆಸರಿನ ಮೂರು ಅಕ್ಷರಗಳನ್ನು ಗುರುತು ಹಿಡಿಯಲು ಕಲಿತಿರುತ್ತಾನೆ.

ಕಥೆ ಮುಗಿದ ಮೇಲೆ ಎರಡು ಪುಟ ಮೀರದ ಹಿನ್ನುಡಿಯಲ್ಲಿ ಯಾವುದು ನಡೆದದ್ದು, ಯಾವುದು ಕಲ್ಪನೆ ಎಂಬುದನ್ನು ಬಿಡಿಸಿ ಹೇಳಬೇಕು. ಮಗುವಿನ ದುಡಿಮೆಯನ್ನು ಒತ್ತೆಯಿಡುವ ಕರಾರು ಅನೂರ್ಜಿತವೆಂದು ಸಾರುವ ಕಾನೂನು 1933ರಲ್ಲಿ ಬಂದಿತೆಂಬುದನ್ನು ಅಲ್ಲಿ ಅಗತ್ಯವಾಗಿ ಸೇರಿಸಿ. ಕಥೆಯ ಕಾಗದವನ್ನು ಹರಿದುಹಾಕಲು ಕಾನೂನಿಗೆ ಇನ್ನೂ 69 ವರ್ಷ ಬೇಕಾಯಿತೆಂದು ಮಕ್ಕಳೇ ಕಳೆದು ನೋಡುತ್ತಾರೆ. ಹದಿನಾಲ್ಕು ವರ್ಷದೊಳಗಿನವರನ್ನು ಕಾರ್ಖಾನೆ, ಗಣಿಗಳಲ್ಲಿ ದುಡಿಸಬಾರದೆನ್ನುವ ಸಂವಿಧಾನದ 24ನೆಯ ವಿಧಿ, 1986ರ ನಿಷೇಧ ಕಾನೂನು ಮತ್ತು ಅದಕ್ಕೆ 2016ರಲ್ಲಿ ಆದ ತಿದ್ದುಪಡಿ ಒಂದೊಂದು ವಾಕ್ಯದಲ್ಲಿ ಬಂದರೆ ಸಾಕು. ನಿಮ್ಮ ಓದುಗರಲ್ಲಿ ಒಬ್ಬರು ಈಗಲೇ ಯಾರದೋ ಹೋಟೆಲಿನಲ್ಲಿ ಲೋಟ ತೊಳೆಯುತ್ತಿರಬಹುದು, ಅಥವಾ ಅಂಥ ಗೆಳೆಯನೊಬ್ಬ ಅವರಿಗಿರಬಹುದು. ಹಾಗಾಗಿ ಮಕ್ಕಳ ಸಹಾಯವಾಣಿಯ 1098 ಎಂಬ ಸಂಖ್ಯೆಯನ್ನು ಹಿನ್ನುಡಿಯ ಕೊನೆಯಲ್ಲಿ, ಬೇರೆ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ ಮುದ್ರಿಸಲು ಪ್ರಕಾಶಕರಿಗೆ ಹೇಳಿ.